ಇರಿಡಿಯಂ, ಇಯೋಸಿನ್, ಓಎಲ್‌ಇಡಿ ಪುಡಿ: ನಿಮ್ಮ ರಿಯಾಕ್ಷನ್ನಿಗೆ ಯಾವ ಫೋಟೋಕ್ಯಾಟಲಿಸ್ಟ್?

ಎಂಎಸ್ಸಿ ಪ್ರಾಜೆಕ್ಟಿನ ವಿಷಯ ಹಂಚುವ ಹೊತ್ತಿಗೆ ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆಯ ಕೆಮಿಸ್ಟ್ರಿ ಮಕ್ಕಳಿಂದ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಬರುತ್ತದೆ. ಫೋಟೋಕ್ಯಾಟಲಿಸ್ಟ್ (ಬೆಳಕು ಹೀರಿ ರಿಯಾಕ್ಷನ್ ನಡೆಸಿಕೊಡುವ ವಸ್ತು) ಅಂತ ಪೇಪರಿನಲ್ಲಿ ಇರಿಡಿಯಂ ಹಾಕಿದ್ದಾರೆ, ಕೊಟೇಶನ್ ನೋಡಿ ಗೈಡ್ ಸುಮ್ಮನಾಗಿದ್ದಾರೆ, ಅದರ ಬದಲು ಇಯೋಸಿನ್ ಎಂಬ ಬಣ್ಣದ ಪುಡಿ ಹಾಕಿದರೆ ಆಗ್ತದಾ? ಇನ್ನು ಕೆಲವರ ಅನುಮಾನ ಬೇರೆ. ಓಎಲ್‌ಇಡಿ ಪರದೆಗೆ ಅಂತ ಮಾಡಿದ ಹಳದಿ ಪುಡಿಯನ್ನು ಈಗ ಎಲ್ಲರೂ ರಿಯಾಕ್ಷನ್ನಿಗೆ ಹಾಕುತ್ತಾರಂತೆ, ಅದನ್ನು ನಂಬಿ ಒಂದು ಸೆಮಿಸ್ಟರ್ ಕಳೆಯಬಹುದಾ?

ನಂಬಬಹುದು. ಆದರೆ ಎಲ್ಲದಕ್ಕೂ ಅಲ್ಲ. ಯಾವುದಕ್ಕೆ ಹೌದು, ಯಾವುದಕ್ಕೆ ಅಲ್ಲ ಎಂದು ತೀರ್ಮಾನಿಸುವುದು ನಿಮ್ಮ ಸಬ್‌ಸ್ಟ್ರೇಟ್, ಅಂದರೆ ರಿಯಾಕ್ಷನ್ನಿನಲ್ಲಿ ಬದಲಾಗಬೇಕಾದ ಅಣು. ಬಾಟಲಿಯ ಬೆಲೆಯೂ ಅಲ್ಲ, ಪೇಪರ್ ಬಂದ ಜರ್ನಲಿನ ಹೆಸರೂ ಅಲ್ಲ. ಹಾಗಾಗಿ ಕ್ಯಾಟಲಿಸ್ಟುಗಳ ಗುಣಗಾನ ಆಮೇಲೆ ಮಾಡೋಣ. ಮೊದಲು ಅಳತೆಗೋಲು ಇಟ್ಟುಕೊಳ್ಳೋಣ.

ಮೊದಲು ನೋಡಬೇಕಾದದ್ದು ವೋಲ್ಟೇಜ್

ಬೆಳಕು ಕುಡಿದ ಅಣು ಎರಡು ಕೆಲಸಕ್ಕೂ ಚುರುಕಾಗುತ್ತದೆ. ಎಲೆಕ್ಟ್ರಾನ್ ಕಿತ್ತುಕೊಳ್ಳುವುದಕ್ಕೂ ತಯಾರು, ಕೊಡುವುದಕ್ಕೂ ತಯಾರು. ನಿಮ್ಮ ರಿಯಾಕ್ಷನ್ನಿಗೆ ಇದರಲ್ಲಿ ಯಾವುದು ಬೇಕು, ಎಷ್ಟು ಜೋರಾಗಿ ಬೇಕು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಬಾಕ್-ಪ್ರೋಲಿನ್ ಎಂಬ ಅಮೈನೋ ಆಮ್ಲದ ರೂಪದಿಂದ ಕಾರ್ಬನ್ ಡೈಆಕ್ಸೈಡ್ ಹಾರಿಸಿ, ಜೋಡಿಯಿಲ್ಲದ ಎಲೆಕ್ಟ್ರಾನಿನೊಂದಿಗೆ ಉಳಿದ ರ‍್ಯಾಡಿಕಲ್ಲನ್ನು ಮೀಥೈಲ್ ಅಕ್ರಿಲೇಟಿನಂಥ ಆಲ್ಕೀನಿಗೆ ಸೇರಿಸುವ ರಿಯಾಕ್ಷನ್. ಎಂಎಸ್ಸಿ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂಥದ್ದು. ಬೇಸ್ ಹಾಕಿದಾಗ ಬರುವ ಕಾರ್ಬಾಕ್ಸಿಲೇಟಿನಿಂದ ಎಲೆಕ್ಟ್ರಾನ್ ತೆಗೆಯಲು ಸುಮಾರು +0.95 ವೋಲ್ಟ್ ಬೇಕು. ಇಲ್ಲಿ ಹೇಳುವ ಅಂಕಿಗಳೆಲ್ಲ ಎಸ್‌ಸಿಇ ಎಂಬ ಅಳತೆಯ ಎಲೆಕ್ಟ್ರೋಡನ್ನು ಸೊನ್ನೆ ಎಂದಿಟ್ಟ ಲೆಕ್ಕದಲ್ಲಿ. ಈಗ ಬೆಳಕು ಕುಡಿದ ಸ್ಥಿತಿಯಲ್ಲಿ ಯಾರ ಹತ್ತಿರ ಎಷ್ಟು ಉಂಟು ನೋಡಿ. ಇರಿಡಿಯಂ ಪಿಪಿವೈ3 (ಪಿಪಿವೈ, ಬಿಪಿವೈ ಎಂದರೆ ಲೋಹಕ್ಕೆ ಅಂಟಿಕೊಂಡ ಆರ್ಗ್ಯಾನಿಕ್ ಅಣುಗಳು, ಇಲ್ಲಿ ಮೂರು) ಬಳಿ ಬರೀ +0.31. ರುಥೇನಿಯಂ ಬಿಪಿವೈ3 ಬಳಿ +0.77. ಇಯೋಸಿನ್ ವೈ ಬಳಿ +0.83. ಫ್ಲೋರಿನ್ ಸೇರಿಸಿದ ಇರಿಡಿಯಂ ಕಾಂಪ್ಲೆಕ್ಸ್ ಬಳಿ +1.21. ಓಎಲ್‌ಇಡಿಯಿಂದ ಬಂದ ಆ ಹಳದಿ ಪುಡಿ 4ಸಿಝೆಡ್‌ಐಪಿಎನ್ ಬಳಿ +1.35.

ಅಂದರೆ ದುಬಾರಿ ಅಂತ ಇರಿಡಿಯಂ ಪಿಪಿವೈ3 ತರಿಸಿದರೂ ಈ ರಿಯಾಕ್ಷನ್ನಿಗೆ ಅದು ಉಪಯೋಗಕ್ಕೆ ಬಾರದು. ಇಯೋಸಿನ್ ಗಡಿಯಲ್ಲಿ ನಿಂತಿದೆ. 0.12 ವೋಲ್ಟ್ ಕಡಿಮೆ ಬಿದ್ದರೂ ಕಾರ್ಬನ್ ಡೈಆಕ್ಸೈಡ್ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲವಾದ್ದರಿಂದ ಒಂದಿಷ್ಟು ನಡೆಯಲೂಬಹುದು, ಆದರೆ ನಿಧಾನ. 4ಸಿಝೆಡ್‌ಐಪಿಎನ್ ಮತ್ತು ಫ್ಲೋರಿನ್ ಇರಿಡಿಯಂ ಎರಡೂ ನಿರಾತಂಕವಾಗಿ ದಾಟುತ್ತವೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಎಲೆಕ್ಟ್ರಾನ್ ಕಿತ್ತುಕೊಂಡ ಕ್ಯಾಟಲಿಸ್ಟ್ ಅದನ್ನು ಕೊನೆಗೆ ಯಾರಿಗಾದರೂ ಕೊಟ್ಟು ಮೊದಲಿನ ಸ್ಥಿತಿಗೆ ಬರಬೇಕು. ಈ ರಿಯಾಕ್ಷನ್ನಿನಲ್ಲಿ ತೆಗೆದುಕೊಳ್ಳುವವನು ಕಾರ್ಬೊನಿಲ್ ಪಕ್ಕದ ರ‍್ಯಾಡಿಕಲ್, ಅದಕ್ಕೆ ಸುಮಾರು −0.6 ವೋಲ್ಟ್ ಸಾಕು. 4ಸಿಝೆಡ್‌ಐಪಿಎನ್ ಆ ಹೊತ್ತಿಗೆ −1.21 ವೋಲ್ಟಿನಲ್ಲಿ ಇರುತ್ತದೆ, ಆರಾಮವಾಗಿ ಕೊಡುತ್ತದೆ. ಚಕ್ರದ ಎರಡೂ ಕಡೆ ಹೀಗೆ ಕೂಡಿಸಿ ಕಳೆದು ನೋಡದೆ ಕ್ಯಾಟಲಿಸ್ಟ್ ಆರ್ಡರ್ ಮಾಡಬೇಡಿ ಮಾರ್ರೆ.

ಒಂದು ಎಚ್ಚರಿಕೆ. ಕೆಲವು ಪೇಪರುಗಳು ಅಂಕಿಗಳನ್ನು ಫೆರೋಸೀನ್ ಲೆಕ್ಕದಲ್ಲಿ ಕೊಡುತ್ತವೆ. ಅಸಿಟೋನೈಟ್ರೈಲಿನಲ್ಲಿ ಅದಕ್ಕೂ ಎಸ್‌ಸಿಇಗೂ ಸುಮಾರು 0.4 ವೋಲ್ಟ್ ವ್ಯತ್ಯಾಸ. ಒಂದು ಅಂಕಿ ಇಲ್ಲಿಂದ, ಇನ್ನೊಂದು ಅಲ್ಲಿಂದ ತಂದು ಕೂಡಿಸಿದರೆ ನಡೆಯದ ರಿಯಾಕ್ಷನ್ ಕಾಗದದ ಮೇಲೆ ನಡೆಯುತ್ತದೆ.

ಬೆಳಕು, ಆಯಸ್ಸು, ಬಾಳಿಕೆ

ಎರಡನೆಯದು ಬೆಳಕಿನ ಬಣ್ಣ. 1240ನ್ನು ನ್ಯಾನೋಮೀಟರಿನಿಂದ ಭಾಗಿಸಿದರೆ ಎಲೆಕ್ಟ್ರಾನ್ ವೋಲ್ಟ್ ಸಿಗುತ್ತದೆ. 450ರ ನೀಲಿಗೆ ಸುಮಾರು 2.75, 530ರ ಹಸಿರಿಗೆ 2.34. ನೀಲಿಯಲ್ಲಿ ಶಕ್ತಿ ಜಾಸ್ತಿ. ಆದರೆ ನಿಮ್ಮ ಸಬ್‌ಸ್ಟ್ರೇಟ್ ತಾನೇ ನೀಲಿ ಹೀರುವಂಥದ್ದಾದರೆ ಅಥವಾ ನೀಲಿಗೆ ಒಡೆಯುವಂಥದ್ದಾದರೆ ಹಸಿರೇ ಕ್ಷೇಮ.

ಮೂರನೆಯದು, ಬೆಳಕು ಕುಡಿದ ಸ್ಥಿತಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು. ಇದು ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಹೊತ್ತಿದ್ದಂತೆ. ಜನ ಅಲ್ಲೇ ಗುಂಪಾಗಿ ನಿಂತಿದ್ದರೆ ಅರೆಕ್ಷಣ ನಿಂತರೂ ಹತ್ತುತ್ತಾರೆ, ದೂರದಿಂದ ಓಡಿ ಬರುವವರಿಗೆ ಬಸ್ಸು ತುಸು ಕಾಯಬೇಕು. ಸಬ್‌ಸ್ಟ್ರೇಟ್ 0.1 ಮೋಲಾರ್ ಇದ್ದರೆ ಡಿಕ್ಕಿಯಾಗಲು ಸುಮಾರು ಒಂದು ನ್ಯಾನೋಸೆಕೆಂಡ್ ಸಾಕು. ಅದೇ ನಿಕ್ಕಲ್ ಸೇರಿಸಿ ಮಾಡುವ ಜೋಡಿ ರಿಯಾಕ್ಷನ್ನಿನಲ್ಲಿ ನಿಕ್ಕಲ್ ಇರುವುದು 0.005 ಮೋಲಾರಿನ ಆಸುಪಾಸು. ಅಲ್ಲಿ ಇಪ್ಪತ್ತು ನ್ಯಾನೋಸೆಕೆಂಡಾದರೂ ಬೇಕು. ಆರೇಳು ನ್ಯಾನೋಸೆಕೆಂಡ್ ಬದುಕುವ ಅಕ್ರಿಡಿನಿಯಂ (ಮುಂದೆ ಬರುವ ಇನ್ನೊಂದು ಕ್ಯಾಟಲಿಸ್ಟ್) ಅಲ್ಲಿ ಏದುಸಿರು ಬಿಡುತ್ತದೆ. ರುಥೇನಿಯಂ ಬಿಪಿವೈ3 ಒಂದು ಮೈಕ್ರೋಸೆಕೆಂಡಿಗೆ ಸ್ವಲ್ಪ ಮೇಲೆ, ಫ್ಲೋರಿನ್ ಇರಿಡಿಯಂ 2.3, ಇಯೋಸಿನ್ನಿನ ಟ್ರಿಪ್ಲೆಟ್ (ಬೆಳಕು ಕುಡಿದ ಮೇಲೆ ಬರುವ, ಹೆಚ್ಚು ಹೊತ್ತು ಬದುಕುವ ಸ್ಥಿತಿ) ಸುಮಾರು 24 ಮೈಕ್ರೋಸೆಕೆಂಡ್ ಉಳಿಯುತ್ತವೆ. ಹೆಚ್ಚು ಹೊತ್ತು ಬದುಕಿದಷ್ಟೂ ಗಾಳಿಯ ಆಕ್ಸಿಜನ್ನಿಗೆ ಸಿಕ್ಕಿಬೀಳುವ ಸಾಧ್ಯತೆಯೂ ಜಾಸ್ತಿ, ಅದನ್ನು ಮರೆಯಬಾರದು.

ಬಾಳಿಕೆ, ಕಾಲಮ್ಮಿನಲ್ಲಿ ಬೇರೆ ಮಾಡುವ ಸುಲಭ, ಬೆಲೆ, ಇವು ಉಳಿದ ಮೂರು. ಬೆಲೆ ಹೋಲಿಸುವಾಗ ಗ್ರಾಂ ಲೆಕ್ಕ ಬೇಡ, ಮೋಲ್ ಲೆಕ್ಕ ಹಿಡಿಯಿರಿ. ಫ್ಲೋರಿನ್ ಇರಿಡಿಯಂ ಕಾಂಪ್ಲೆಕ್ಸಿನ ಅಣುತೂಕ 1122, 4ಸಿಝೆಡ್‌ಐಪಿಎನ್‌ನದು 789, ಇಯೋಸಿನ್ ವೈ ಡೈಸೋಡಿಯಂ ಉಪ್ಪಿನದು 692. ಒಂದೇ ಬೆಲೆಗೆ ಒಂದೇ ತೂಕ ಸಿಕ್ಕಿದರೂ ಇರಿಡಿಯಂನಲ್ಲಿ ನಿಮಗೆ ಸಿಗುವ ಅಣುಗಳು ಕಡಿಮೆ. ಬೆಲೆ ಅಂತೂ ಒಂದೇ ಇರುವುದಿಲ್ಲ, ಬಿಡಿ.

ರುಥೇನಿಯಂ, ಇರಿಡಿಯಂ: ಹಳೆ ದೊಡ್ಡವರು

2008ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರಾದ ಡೇವಿಡ್ ಮ್ಯಾಕ್‌ಮಿಲನ್ ಮತ್ತು ಡೇವಿಡ್ ನೈಸ್ವಿಚ್ ರುಥೇನಿಯಂ ಬಿಪಿವೈ3 ಹಾಕಿ ಆಲ್ಡಿಹೈಡುಗಳ ಮೇಲೆ ಮಾಡಿದ ಕೆಲಸ, ಅದೇ ವರ್ಷ ಯೂನ್ ತಂಡದ ಕೆಲಸ, ಮರುವರ್ಷ ಸ್ಟೀಫನ್‌ಸನ್ ತಂಡದ್ದು, ಇವುಗಳ ನಂತರ ಈ ಕ್ಷೇತ್ರ ದಿಢೀರ್ ಬೆಳೆಯಿತು. ಮೊದಲಿಗರು ಬಳಸಿದ್ದನ್ನೇ ಹಿಂದಿನಿಂದ ಬಂದವರೂ ಬಳಸಿದರು. ಎಷ್ಟೋ ಪೇಪರುಗಳಲ್ಲಿ ಇರಿಡಿಯಂ ಇರುವುದಕ್ಕೆ ಅದೇ ಕಾರಣ. ಅದು ಇಲ್ಲದೆ ಆಗುವುದಿಲ್ಲ ಎಂದಲ್ಲ.

ಆದರೆ ಇವುಗಳ ಗುಣ ಅಲ್ಲಗಳೆಯುವಂತಿಲ್ಲ. ಗಟ್ಟಿಮುಟ್ಟು. ಉಪ್ಪಿನ ರೂಪದಲ್ಲಿರುವಂಥವು ಟಿಎಲ್‌ಸಿಯಲ್ಲಿ (ಮಿಶ್ರಣದ ಅಣುಗಳನ್ನು ಚುಕ್ಕೆಗಳಾಗಿ ಬೇರೆ ಮಾಡುವ ತಟ್ಟೆ) ತಳದಲ್ಲೇ ಕೂರುತ್ತವೆ, ಪ್ರಾಡಕ್ಟಿನ ಜೊತೆ ಓಡಿ ಬರುವುದಿಲ್ಲ. ಇರಿಡಿಯಂ ಪಿಪಿವೈ3 ಬೆಳಕು ಕುಡಿದ ಸ್ಥಿತಿಯಲ್ಲಿ −1.73 ವೋಲ್ಟಿನವರೆಗೆ ಎಲೆಕ್ಟ್ರಾನ್ ಕೊಡಬಲ್ಲದು. 4ಸಿಝೆಡ್‌ಐಪಿಎನ್ ಅದೇ ಸ್ಥಿತಿಯಲ್ಲಿ −1.04 ಮಾತ್ರ. ಹಾಗಾಗಿ ಕೊಡುವ ಕೆಲಸ ಮುಖ್ಯವಾದಲ್ಲಿ, ಜೊತೆಗೆ ಅಮೈನ್ ಹಾಕುವಂತಿಲ್ಲದಲ್ಲಿ, ಇರಿಡಿಯಂ ಪಿಪಿವೈ3ಗೆ ಸುಲಭದ ಬದಲಿ ಇಲ್ಲ.

ಬೆಲೆಯ ಹಿಂದೆ ಭೂಗರ್ಭದ ಕಥೆ ಉಂಟು. ಇರಿಡಿಯಂ ಭೂಮಿಯ ಹೊರಪದರದಲ್ಲಿ ತೀರಾ ಅಪರೂಪದ ಲೋಹ. ಅದಕ್ಕೆಂದೇ ಗಣಿ ತೋಡುವವರಿಲ್ಲ. ಮುಖ್ಯವಾಗಿ ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಲ್ಲಿ ಜೊತೆಗೆ ಬರುವಷ್ಟೇ ಸಿಗುತ್ತದೆ. 2021ರಲ್ಲಿ ಬೆಲೆ ಒಂದು ಔನ್ಸಿಗೆ 6000 ಡಾಲರ್ ದಾಟಿತ್ತು. ಕಾಲೇಜಿನ ಬಜೆಟ್ಟಿಗೆ ಇದು ಒಗ್ಗುವ ಮಾತಲ್ಲ, ಅಲ್ವಾ?

ರುಥೇನಿಯಂ ಬಿಪಿವೈ3 ಇರಿಡಿಯಂಗಿಂತ ಎಷ್ಟೋ ಅಗ್ಗ, ನೀರಿನಲ್ಲೂ ಕರಗುತ್ತದೆ, 452 ನ್ಯಾನೋಮೀಟರಿನಲ್ಲಿ ಚೆನ್ನಾಗಿ ಹೀರುತ್ತದೆ. ಬ್ರೋಮೋಕೀಟೋನಿನಂಥ ಸುಲಭದ ಸಬ್‌ಸ್ಟ್ರೇಟುಗಳಿಗೆ ಇವತ್ತಿಗೂ ಒಳ್ಳೆಯ ಆಯ್ಕೆ. ಫೆನಾಸಿಲ್ ಬ್ರೋಮೈಡಿಗೆ ಸುಮಾರು −0.5 ವೋಲ್ಟ್ ಸಾಕಲ್ಲ.

ಇಯೋಸಿನ್ ವೈ: ಪೆಥಾಲಜಿ ಲ್ಯಾಬಿನ ಬಣ್ಣ

ಕೋಶಗಳಿಗೆ ಗುಲಾಬಿ ಬಣ್ಣ ಕೊಡುವ ಅದೇ ಇಯೋಸಿನ್. ಯಾವ ಆಸ್ಪತ್ರೆಯ ಲ್ಯಾಬಿನಲ್ಲೂ ಸಿಗುತ್ತದೆ, ನಿಮ್ಮ ಬಾಟನಿ ಅಥವಾ ಜೂವಾಲಜಿ ವಿಭಾಗದ ಕಪಾಟಿನಲ್ಲೂ ಇರಬಹುದು. ಹಸಿರು ಎಲ್‌ಇಡಿ ಸಾಕು, ಗರಿಷ್ಠ ಹೀರಿಕೆ 540 ನ್ಯಾನೋಮೀಟರಿನ ಹತ್ತಿರ. 2011ರಲ್ಲಿ ಜರ್ಮನಿಯ ಕ್ಯೋನಿಗ್ ಮತ್ತು ಟ್ಸೈಟ್ಲರ್ ತಂಡ ರುಥೇನಿಯಂ ಬದಲು ಇದನ್ನೇ ಹಾಕಿ ಆಲ್ಡಿಹೈಡ್ ಆಲ್ಕೈಲೇಷನ್ ಮಾಡಿ ತೋರಿಸಿತು.

ಕಪಾಟಿನಿಂದ ಬಾಟಲಿ ಎತ್ತುವ ಮುಂಚೆ ಲೇಬಲ್ ಎರಡು ಸಲ ಓದಿ. ಇಯೋಸಿನ್ ಬಿ ಬೇರೆ ಅಣು, ಇಯೋಸಿನ್ ವೈ ಬೇರೆ. ಸ್ಟೇನಿಂಗಿಗೆ ಮಾಡಿಟ್ಟ ದ್ರಾವಣದಲ್ಲಿ ನೀರು, ಆಲ್ಕೋಹಾಲ್, ಕೆಲವೊಮ್ಮೆ ಅಸಿಟಿಕ್ ಆಸಿಡ್ ಇರುತ್ತವೆ, ಅದು ಬೇಡ, ಪುಡಿಯೇ ಬೇಕು. ಪುಡಿಯ ಬಾಟಲಿಯ ಮೇಲೂ ಡೈ ಕಂಟೆಂಟ್ ಎಂದು ಒಂದು ಶೇಕಡಾ ಬರೆದಿರುತ್ತದೆ. ಅದು ನೂರಕ್ಕಿಂತ ಕಡಿಮೆ ಇದ್ದರೆ ಅಷ್ಟು ಜಾಸ್ತಿ ತೂಗಿಕೊಳ್ಳಬೇಕು.

ಇಯೋಸಿನ್ನಿನ ದೊಡ್ಡ ತಕರಾರು ಆಸಿಡ್. ರಿಯಾಕ್ಷನ್ ಮಿಶ್ರಣ ಆಮ್ಲೀಯವಾದರೆ ಅದು ಉಂಗುರ ಮುಚ್ಚಿಕೊಂಡು ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ಹೋದರೆ ಬೆಳಕು ಹೀರುವುದೂ ಹೋಯಿತು. ಫ್ಲಾಸ್ಕಿನ ಕೆಂಪು ಅರ್ಧ ಗಂಟೆಯಲ್ಲಿ ಮಾಸಿದರೆ ಎಲ್‌ಇಡಿಯನ್ನು ಬೈಯುವ ಮೊದಲು ಪಿಎಚ್ ಕಾಗದ ಅದ್ದಿ ನೋಡಿ. ಬೇಸ್ ಇರುವ, ಡಯಾಜೋನಿಯಂ ಉಪ್ಪು ಅಥವಾ ಬ್ರೋಮೋಮಲೋನೇಟಿನಂಥ ಸುಲಭದ ಸಬ್‌ಸ್ಟ್ರೇಟ್ ಇರುವ ರಿಯಾಕ್ಷನ್ನಿಗೆ ಇಯೋಸಿನ್ ಬಿಟ್ಟು ಬೇರೆ ಹುಡುಕುವುದು ನನಗೆ ದುಂದು ಅನ್ನಿಸುತ್ತದೆ.

ಇದೇ ಮನೆತನದ ರೋಸ್ ಬೆಂಗಾಲ್ ಬಗ್ಗೆ ಒಂದು ಮಾತು. ಸಿಂಗ್ಲೆಟ್ ಆಕ್ಸಿಜನ್ (ಶಕ್ತಿ ತುಂಬಿದ, ಚುರುಕಾದ ಆಕ್ಸಿಜನ್) ಬೇಕಿದ್ದರೆ, ಉದಾಹರಣೆಗೆ ಸಲ್ಫೈಡನ್ನು ಸಲ್ಫಾಕ್ಸೈಡ್ ಮಾಡಲು, ಅದನ್ನೇ ಹಾಕಿ. ಹೀರಿದ ಪ್ರತಿ ನಾಲ್ಕು ಫೋಟಾನಿಗೆ ಸುಮಾರು ಮೂರು ಸಿಂಗ್ಲೆಟ್ ಆಕ್ಸಿಜನ್ ಕೊಡುತ್ತದೆ. ಆ ಕೆಲಸಕ್ಕೆ 4ಸಿಝೆಡ್‌ಐಪಿಎನ್ ಹಾಕುವುದು ಸುಮ್ನೆ ಖರ್ಚು.

4ಸಿಝೆಡ್‌ಐಪಿಎನ್: ಪರದೆಯಿಂದ ಫ್ಲಾಸ್ಕಿಗೆ

ಈಗ ಜನ ಜಾಸ್ತಿ ಕೇಳುವ ಹಳದಿ ಪುಡಿಗೆ ಬರೋಣ. ನಡುವೆ ಎರಡು ಸಯನೋ ಗುಂಪುಗಳಿರುವ ಬೆಂಜೀನ್ ಉಂಗುರ, ಸುತ್ತಲೂ ನಾಲ್ಕು ಕಾರ್ಬಜೋಲ್. ಸಯನೋ ಕಡೆಯವು ಎಲೆಕ್ಟ್ರಾನ್ ಎಳೆಯುತ್ತವೆ, ಕಾರ್ಬಜೋಲುಗಳು ಕೊಡುತ್ತವೆ. ಜಾಗ ಸಾಲದೆ ಕಾರ್ಬಜೋಲುಗಳು ಉಂಗುರಕ್ಕೆ ತಿರುಚಿಕೊಂಡು ನಿಂತಿರುತ್ತವೆ.

ಆ ತಿರುಚೇ ಇಡೀ ಕಥೆ. ಓಎಲ್‌ಇಡಿಯಲ್ಲಿ ಕರೆಂಟ್ ಹರಿಸಿದಾಗ ನಾಲ್ಕರಲ್ಲಿ ಒಂದು ಪಾಲು ಬೇಗ ಬೆಳಕು ಬಿಡುವ ಸಿಂಗ್ಲೆಟ್ ಸ್ಥಿತಿ, ಮೂರು ಪಾಲು ಟ್ರಿಪ್ಲೆಟ್ ಹುಟ್ಟುತ್ತವೆ. ಸಾಮಾನ್ಯ ಆರ್ಗ್ಯಾನಿಕ್ ಅಣುವಿನಲ್ಲಿ ಆ ಮೂರು ಪಾಲು ಬೆಳಕಾಗದೆ ವ್ಯರ್ಥ. ಅದನ್ನು ಬೆಳಕು ಮಾಡಲು ಮೊದಲು ಬಳಸಿದ್ದೂ ಇರಿಡಿಯಂ ಪಿಪಿವೈ3ಯಂಥ ಲೋಹದ ಕಾಂಪ್ಲೆಕ್ಸುಗಳನ್ನೇ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ತಂಡ 2012ರಲ್ಲಿ ಲೋಹವೇ ಇಲ್ಲದ ದಾರಿ ತೋರಿಸಿತು. ಅಣುವನ್ನು ತಿರುಚಿ ಕಟ್ಟಿದರೆ ಸಿಂಗ್ಲೆಟ್ಟಿಗೂ ಟ್ರಿಪ್ಲೆಟ್ಟಿಗೂ ಅಂತರ 0.1 ಎಲೆಕ್ಟ್ರಾನ್ ವೋಲ್ಟಿಗಿಂತ ಕೆಳಗಿಳಿಯುತ್ತದೆ. ಕೋಣೆಯ ಬಿಸಿಯೇ ಟ್ರಿಪ್ಲೆಟ್ಟನ್ನು ಮತ್ತೆ ಸಿಂಗ್ಲೆಟ್ಟಿಗೆ ಹತ್ತಿಸಿ ಬೆಳಕು ಬರಿಸುತ್ತದೆ, ಸ್ವಲ್ಪ ತಡವಾಗಿ. ಆ ತಡ ಟಾಲೀನಿನಲ್ಲಿ ಸುಮಾರು 5 ಮೈಕ್ರೋಸೆಕೆಂಡ್. ಪರದೆ ಮಾಡುವವರಿಗೆ ಬೇಕಾದದ್ದು ಬೆಳಕು. ನಮಗೆ ಬೇಕಾದದ್ದು ಆ ತಡ. ಅಷ್ಟು ಹೊತ್ತು ಬದುಕುವ, ಲೋಹವಿಲ್ಲದ, ಎರಡೂ ಕಡೆ ವೋಲ್ಟೇಜ್ ಇರುವ ಅಣು ಎಂದರೆ ಒಳ್ಳೆಯ ಫೋಟೋಕ್ಯಾಟಲಿಸ್ಟ್. 2016ರಲ್ಲಿ ಅಮೆರಿಕದ ನೆಬ್ರಾಸ್ಕಾದ ಲುವೋ ಮತ್ತು ಜಾಂಗ್ ನಿಕ್ಕಲ್ ಜೊತೆ ಇರಿಡಿಯಂ ಇದ್ದ ಜಾಗದಲ್ಲಿ ಇದನ್ನು ಕೂರಿಸಿದರು. ಅಲ್ಲಿಂದ ಇದು ಎಲ್ಲೆಡೆ ಹಬ್ಬಿತು.

ನಮ್ಮ ಕಡೆಯ ಸಣ್ಣ ಲ್ಯಾಬುಗಳಿಗೆ ಇದನ್ನು ನಾನು ಮೊದಲು ಸೂಚಿಸುವುದು ವೋಲ್ಟೇಜಿಗಿಂತ ಇನ್ನೊಂದು ಕಾರಣಕ್ಕೆ. ಇದನ್ನು ನೀವೇ ಮಾಡಿಕೊಳ್ಳಬಹುದು. ಟೆಟ್ರಾಫ್ಲೋರೋಐಸೋಥ್ಯಾಲೋನೈಟ್ರೈಲ್, ಕಾರ್ಬಜೋಲ್, ಸೋಡಿಯಂ ಹೈಡ್ರೈಡ್, ಒಣಗಿಸಿದ ಟಿಎಚ್‌ಎಫ್. ಕಾರ್ಬಜೋಲಿನ ಹೈಡ್ರೋಜನ್ ತೆಗೆದು, ಫ್ಲೋರೋ ಸಂಯುಕ್ತ ಹಾಕಿ, ರಾತ್ರಿಯಿಡೀ ಕೋಣೆಯ ಉಷ್ಣತೆಯಲ್ಲಿ ಕಲಕಿದರೆ ನಾಲ್ಕು ಫ್ಲೋರಿನ್ ಹೋಗಿ ನಾಲ್ಕು ಕಾರ್ಬಜೋಲ್ ಕೂರುತ್ತವೆ. ಪ್ಯಾಲೇಡಿಯಂ ಬೇಡ, ಬಿಸಿ ಬೇಡ. ಫ್ಲೋರೋ ಸಂಯುಕ್ತ ಒಂದು ಮಿಲಿಮೋಲ್ ಅಂದರೆ 200 ಮಿಲಿಗ್ರಾಂ ಹಾಕಿದರೆ ಪೂರ್ತಿ ಇಳುವರಿಗೆ 789 ಮಿಲಿಗ್ರಾಂ. 500 ಸಿಕ್ಕಿತೆಂದೇ ಇಟ್ಟುಕೊಳ್ಳಿ. 0.2 ಮಿಲಿಮೋಲ್ ಅಳತೆಯ, ಶೇ. 1 ಕ್ಯಾಟಲಿಸ್ಟ್ ಹಾಕುವ ರಿಯಾಕ್ಷನ್ನಿಗೆ ಬೇಕಾಗುವುದು 1.6 ಮಿಲಿಗ್ರಾಂ. ಮುನ್ನೂರು ರಿಯಾಕ್ಷನ್ ಆಯಿತು. ಒಂದು ಬ್ಯಾಚಿನ ಮಕ್ಕಳಿಗೆಲ್ಲ ಸಾಕು.

ಸೋಡಿಯಂ ಹೈಡ್ರೈಡ್ ಮಾತ್ರ ಹುಷಾರು. ನೀರು ತಾಗಿದರೆ ಹೈಡ್ರೋಜನ್ ಹೊರಬಿದ್ದು ಬೆಂಕಿ ಹತ್ತಬಹುದು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಲ್ಯಾಬುಗಳ ಗೋಡೆಯೇ ಬೆವರುತ್ತದೆ, ಆಗ ಈ ಕೆಲಸಕ್ಕೆ ಕೈ ಹಾಕಬೇಡಿ. ಮಳೆ ಹಿಡಿಯುವ ಮುಂಚೆ, ಅನುಭವಸ್ಥರು ಪಕ್ಕದಲ್ಲಿದ್ದಾಗ ಮಾಡಿಟ್ಟುಕೊಳ್ಳಿ. ಪುಡಿ ಒಮ್ಮೆ ಒಣಗಿ ಬಾಟಲಿ ಸೇರಿದರೆ ತೇವಕ್ಕೆ ಹೆದರುವಂಥದ್ದಲ್ಲ.

1.6 ಮಿಲಿಗ್ರಾಂ ತೂಗುವುದು ಕಾಲೇಜಿನ ತಕ್ಕಡಿಯಲ್ಲಿ ಕಣ್ಣಾಮುಚ್ಚಾಲೆ. ಫ್ಯಾನ್ ಗಾಳಿಗೇ ಅಂಕಿ ಓಡುತ್ತದೆ. 7.9 ಮಿಲಿಗ್ರಾಂ ತೂಗಿ ಹತ್ತು ಮಿಲಿಲೀಟರ್ ಡಿಎಂಎಫ್‌ನಲ್ಲಿ ಕರಗಿಸಿಟ್ಟುಕೊಳ್ಳಿ. ಅದರ ಎರಡು ಮಿಲಿಲೀಟರಿನಲ್ಲಿ ಬೇಕಾದಷ್ಟೇ ಕ್ಯಾಟಲಿಸ್ಟ್ ಇರುತ್ತದೆ, ಸಾಲ್ವೆಂಟೂ ಬಂತು. ಬಾಟಲಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ.

ಇನ್ನೊಂದು ಅನುಕೂಲ ನನಗೆ ಬಹಳ ಇಷ್ಟ. ಈ ಅಣುವಿನ ತಡವಾದ ಬೆಳಕನ್ನು ಆಕ್ಸಿಜನ್ ನುಂಗುತ್ತದೆ. ಟಾಲೀನ್ ದ್ರಾವಣಕ್ಕೆ ಯುವಿ ಟಾರ್ಚ್ ಹಿಡಿದು ನೈಟ್ರೋಜನ್ ಗುಳ್ಳೆ ಬಿಡುತ್ತಾ ಹೋಗಿ. ಮಂಕಾಗಿದ್ದ ಹಸಿರು ಕಣ್ಣೆದುರೇ ಪ್ರಕಾಶಮಾನವಾಗುತ್ತದೆ. ಸೂಜಿ ತೆಗೆದು ಗಾಳಿ ಬಿಟ್ಟರೆ ಮತ್ತೆ ಮಂಕು. ನಿಮ್ಮ ಫ್ಲಾಸ್ಕಿನ ರಬ್ಬರ್ ಮುಚ್ಚಳ (ಸೆಪ್ಟಮ್) ಸೋರುತ್ತದಾ ಎಂದು ಹೇಳಲು ಬೇರೆ ಯಂತ್ರ ಬೇಡ. ಅಸಿಟೋನೈಟ್ರೈಲಿನಲ್ಲಿ ಹೊಳಪಿನ ಬಣ್ಣ ಹಳದಿಯತ್ತ ಸರಿಯುತ್ತದೆ. ಅದು ಸಾಲ್ವೆಂಟಿನ ಪ್ರಭಾವ, ಕ್ಯಾಟಲಿಸ್ಟ್ ಹಾಳಾದ ಗುರುತಲ್ಲ.

ದೋಷಗಳೂ ಉಂಟು. ನೀರು, ಮೆಥನಾಲ್ ಇದಕ್ಕೆ ಆಗಿಬರುವುದಿಲ್ಲ. ಕಾಲಮ್ಮಿನಲ್ಲಿ ಪ್ರಾಡಕ್ಟಿನ ಜೊತೆ ಓಡಿ ಬರುತ್ತದೆ. ಪ್ರಾಡಕ್ಟ್ ಕೂಡ ಅಷ್ಟೇ ನಾನ್‌ಪೋಲಾರ್ ಆಗಿದ್ದರೆ ಅಣುವಿನ ರಚನೆ ತೋರಿಸುವ ನಿಮ್ಮ ಎನ್‌ಎಂಆರ್‌ನ 7ರಿಂದ 8 ಪಿಪಿಎಂ ಜಾಗದಲ್ಲಿ ಕಾರ್ಬಜೋಲಿನ ಗುಂಪು ಕಾಣಿಸಿಕೊಳ್ಳುತ್ತದೆ. ಯುವಿ ಲ್ಯಾಂಪಿನಡಿ ಹೊಳೆಯುವುದರಿಂದ ಯಾವ ಟ್ಯೂಬಿಗೆ ಬಂತು ಎಂದು ತಿಳಿಯುವುದಾದರೂ ಸುಲಭ, ಅಷ್ಟೇ ಸಮಾಧಾನ. ಎಲ್ಲಕ್ಕಿಂತ ದೊಡ್ಡದು, ಕಾರ್ಬಾಕ್ಸಿಲೇಟ್ ಇರುವ ಕೆಲವು ರಿಯಾಕ್ಷನ್ನುಗಳಲ್ಲಿ ಹುಟ್ಟಿದ ರ‍್ಯಾಡಿಕಲ್ ತಿರುಗಿ ಕ್ಯಾಟಲಿಸ್ಟಿನ ಮೇಲೇ ಬಿದ್ದು ಒಂದು ಸಯನೋವನ್ನು ಕಿತ್ತು ತಾನು ಕೂರುತ್ತದೆ. ಹಾಗೆ ಬದಲಾದ ಅಣು ಕೆಲವೊಮ್ಮೆ ಇನ್ನೂ ಬಲವಾಗಿ ಎಲೆಕ್ಟ್ರಾನ್ ಕೊಡುವಂಥದ್ದು (ರೆಡಕ್ಟೆಂಟ್), ಅದೇ ನಿಜವಾದ ಕೆಲಸಗಾರ ಆಗಿರುತ್ತದೆ. ನಮ್ಮ ಬಾಕ್-ಪ್ರೋಲಿನ್ ಉದಾಹರಣೆ ಇದೇ ಜಾತಿಯದ್ದು. ಒಂದು ಗಂಟೆಯ ನಂತರ ಟಿಎಲ್‌ಸಿ ಹಾಕಿ, ಹಳದಿ ಚುಕ್ಕೆ ಮೊದಲಿನ ಜಾಗದಲ್ಲೇ ಇದೆಯಾ ನೋಡಿ. ಥೀಸಿಸಿನಲ್ಲಿ ಮೆಕ್ಯಾನಿಸಂ ಬರೆಯುವವರು ಇದನ್ನು ನೋಡದೆ ಬಾಣ ಎಳೆಯಬಾರದು.

ಇದರ ತಮ್ಮಂದಿರೂ ಇದ್ದಾರೆ. ಕಾರ್ಬಜೋಲ್ ಬದಲು ಡೈಫಿನೈಲಮೈನ್ ಹಾಕಿದ 3ಡಿಪಿಎಎಫ್‌ಐಪಿಎನ್ −1.59 ವೋಲ್ಟಿನವರೆಗೆ ಇಳಿಯುತ್ತದೆ, 3ಡಿಪಿಎ2ಎಫ್‌ಬಿಎನ್ −1.92ರವರೆಗೆ. ಎಲೆಕ್ಟ್ರಾನ್ ಕೊಡಲು ಒಂದು ಅಮೈನ್ ಜೊತೆಗಿರಬೇಕು. ಇರಿಡಿಯಂ ಬೇಕೇಬೇಕು ಎನ್ನಿಸುವ ಎಷ್ಟೋ ಕಡೆ ಇವು ಸಾಕಾಗುತ್ತವೆ. ಕಿತ್ತುಕೊಳ್ಳುವ ಬಲ ಮಾತ್ರ ಅಷ್ಟೇ ಕುಗ್ಗುತ್ತದೆ, +1.35 ಇದ್ದದ್ದು +1.09, +0.92ಕ್ಕೆ ಬರುತ್ತದೆ. ಎರಡೂ ಕೈಯಲ್ಲಿ ಲಾಡು ಸಿಗುವುದಿಲ್ಲ.

ಎರಡು ತುದಿಯವರು

ಸ್ಟೈರೀನ್ ಜಾತಿಯ ಆಲ್ಕೀನಿನಿಂದಲೇ ಎಲೆಕ್ಟ್ರಾನ್ ಕೀಳಬೇಕಿದ್ದರೆ ಮೇಲಿನ ಯಾವುದೂ ಸಾಲದು. ಬೀಟಾ-ಮೀಥೈಲ್‌ಸ್ಟೈರೀನಿಗೆ +1.7ರ ಮೇಲೆ ಬೇಕು. ಅಲ್ಲಿ ಜಪಾನಿನ ಫುಕುಜುಮಿ 2004ರಲ್ಲಿ ಕೊಟ್ಟ ಮೆಸಿಟೈಲ್ ಅಕ್ರಿಡಿನಿಯಂ, +2.06. ಬೇಸ್ ಅಥವಾ ನ್ಯೂಕ್ಲಿಯೋಫೈಲ್ ಜಾಸ್ತಿ ಇದ್ದಲ್ಲಿ ಬೇಗ ಬಣ್ಣ ಕಳೆದುಕೊಳ್ಳುತ್ತದೆ. ನೈಟ್ರೋಜನ್ ಮೇಲೆ ಫಿನೈಲ್ ಇರುವ ಹೊಸ ರೂಪಗಳು ಹೆಚ್ಚು ಬಾಳುತ್ತವೆ.

ಇನ್ನೊಂದು ತುದಿಯಲ್ಲಿ ಫಿನೈಲ್ ಫೀನೋಥಯಾಜಿನ್, −2.1 ವೋಲ್ಟ್. ಆರೈಲ್ ಅಯೋಡೈಡ್‌ನಂಥ ಹಟಮಾರಿಗಳಿಗೆ. ಆದರೆ 380 ನ್ಯಾನೋಮೀಟರಿನ ಎಲ್‌ಇಡಿ ಬೇಕು, ಕಣ್ಣಿನ ರಕ್ಷಣೆ ಇಲ್ಲದೆ ಅದರ ಹತ್ತಿರ ಹೋಗಬೇಡಿ. ಕ್ಲೋರೋಬೆಂಜೀನ್ ಒಡೆಯುತ್ತೇನೆ ಎಂದು ಹೊರಟವರಿಗೆ ಒಂದು ಫೋಟಾನಿನಲ್ಲಿ ಇದೂ ಸಾಲದು. ವಿಷಯ ಬದಲಿಸಿ.

ಹಾಗಾದರೆ ಯಾರಿಗೆ ಯಾವುದು

ಬಿಎಸ್ಸಿ ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ತೋರಿಸುವ ಪ್ರಯೋಗ ಬೇಕಾದ ಮೇಷ್ಟ್ರುಗಳು ಇಯೋಸಿನ್ ಅಥವಾ ರೋಸ್ ಬೆಂಗಾಲ್ ತೆಗೆದುಕೊಳ್ಳಲಿ. ಖರ್ಚು ಸ್ಟೇಷನರಿ ಬಿಲ್ಲಿನಷ್ಟು. ಬಣ್ಣ ಕಾಣುತ್ತದೆ, ಮಕ್ಕಳಿಗೆ ಅರ್ಥವಾಗುತ್ತದೆ.

ಒಂದು ಸೆಮಿಸ್ಟರಿನ ಎಂಎಸ್ಸಿ ಪ್ರಾಜೆಕ್ಟ್, ಕಾರ್ಬಾಕ್ಸಿಲಿಕ್ ಆಸಿಡ್ ಅಥವಾ ಅಮೈನ್ ಆಧಾರದ ರಿಯಾಕ್ಷನ್, ಹಣ ಕಡಿಮೆ: 4ಸಿಝೆಡ್‌ಐಪಿಎನ್, ಮಾಡಿಕೊಂಡೇ. ಕ್ಯಾಟಲಿಸ್ಟ್ ತಯಾರಿಯೇ ವರದಿಯ ಮೊದಲ ಅಧ್ಯಾಯ ಆಗುತ್ತದೆ. ಎನ್‌ಎಂಆರ್ ತೆಗೆಯಲು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಮಂಗಳೂರು ಕಡೆಗೋ ಸ್ಯಾಂಪಲ್ ಕಳಿಸುವವರಾದರೆ ಕ್ಯಾಟಲಿಸ್ಟಿನ ಸ್ಯಾಂಪಲ್ಲನ್ನೂ ಅದೇ ಕಂತಿನಲ್ಲಿ ಕಳಿಸಿ.

ಪಿಎಚ್‌ಡಿಯವರು, ನಿಕ್ಕಲ್ ಜೋಡಿ ರಿಯಾಕ್ಷನ್ ಮಾಡುವವರು 4ಸಿಝೆಡ್‌ಐಪಿಎನ್‌ನಿಂದ ಶುರು ಮಾಡಿ, ಹೋಲಿಕೆಗೆ ಫ್ಲೋರಿನ್ ಇರಿಡಿಯಂ ಸಿಗುವಷ್ಟು ಚಿಕ್ಕ ಬಾಟಲಿ ತರಿಸಲಿ. ಎರಡರಲ್ಲೂ ಇಳುವರಿ ಒಂದೇ ಬಂದರೆ ಇರಿಡಿಯಂ ಅಲ್ಲಿಗೇ ನಿಲ್ಲಿಸಬಹುದು. ಎಲೆಕ್ಟ್ರಾನ್ ಅಲ್ಲ, ಟ್ರಿಪ್ಲೆಟ್ ಶಕ್ತಿ ದಾಟಿಸುವ ಕೆಲಸವಾದರೆ ಇವೆರಡರ ಜೊತೆ ಥಯೋಕ್ಸಾಂಥೋನ್ ಕೂಡ ಇಟ್ಟು ನೋಡಿ. ಅಗ್ಗ, ಟ್ರಿಪ್ಲೆಟ್ ಶಕ್ತಿ ಸುಮಾರು 65 ಕಿಲೋಕ್ಯಾಲರಿ. ಬೆಳಕು ಮಾತ್ರ ನೇರಳೆಯ ಅಂಚಿನದು ಬೇಕು.

ಬೆಳಕಿನ ಡಬ್ಬಕ್ಕೆ ಹಣ ಸುರಿಯಬೇಡಿ. ಪಾತ್ರೆ ಅಂಗಡಿಯ ಸ್ಟೀಲ್ ಡಬ್ಬದ ಒಳಗೆ ನೀಲಿ ಸ್ಟ್ರಿಪ್ ಸುತ್ತಿ, ಹಳೆ ಕಂಪ್ಯೂಟರಿನ ಫ್ಯಾನ್ ಕೂರಿಸಿದರೆ ನಡೆಯುತ್ತದೆ. ಅಲಂಕಾರದ ಸ್ಟ್ರಿಪ್ಪುಗಳ ನೀಲಿ ಸಾಮಾನ್ಯವಾಗಿ 460–470ರ ಆಸುಪಾಸು. ಅಲ್ಲಿ 4ಸಿಝೆಡ್‌ಐಪಿಎನ್ ಹೀರುವುದು ಕಡಿಮೆ, ಸಮಯ ಜಾಸ್ತಿ ಹಿಡಿಯುತ್ತದೆ. 440–450ರದ್ದು ಸಿಕ್ಕಿದರೆ ಅದೇ ಆಗಲಿ. ಕಿತ್ತಳೆ ಬಣ್ಣದ ಕನ್ನಡಕ ಮರೆಯಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಗಾಬರಿ ಬೇಡ, ಸಾಮಾನ್ಯವಾಗಿ ರಿಯಾಕ್ಷನ್ ಅಲ್ಲೇ ನಿಂತು ಕರೆಂಟ್ ಬಂದ ಮೇಲೆ ಮುಂದುವರಿಯುತ್ತದೆ. ಹೋದ ಹೊತ್ತು, ಬಂದ ಹೊತ್ತು ಬರೆದಿಟ್ಟುಕೊಳ್ಳಿ. ಸ್ಟ್ರಿಪ್ಪು ತಿನ್ನುವ ಕರೆಂಟ್ ಅಷ್ಟೇನಿಲ್ಲ, ಮನೆಯ ಇನ್ವರ್ಟರೇ ಎಳೆಯುತ್ತದೆ.

ಕೊನೆಗೆ, ಯಾವುದನ್ನು ಆರ್ಡರ್ ಮಾಡುವ ಮುಂಚೆಯೂ ಕ್ಯಾಟಲಿಸ್ಟ್ ಹಾಕದೆ ಒಂದು ಫ್ಲಾಸ್ಕನ್ನು ನೀಲಿ ಬೆಳಕಿನಡಿ ಇಡಿ, ಇನ್ನೊಂದನ್ನು ಫಾಯಿಲ್ ಸುತ್ತಿ ಕತ್ತಲಲ್ಲಿ ಇಡಿ. ಎಲೆಕ್ಟ್ರಾನ್ ಕೊಡುವ ಅಮೈನೂ ತೆಗೆದುಕೊಳ್ಳುವ ಬ್ರೋಮೈಡೋ ಫ್ಥಾಲಿಮೈಡ್ ಎಸ್ಟರೋ ಒಂದೇ ಫ್ಲಾಸ್ಕಿನಲ್ಲಿದ್ದರೆ ಅವೆರಡೇ ಜೋಡಿಯಾಗಿ ಬೆಳಕು ಹೀರುವುದುಂಟು. ಬಣ್ಣವಿಲ್ಲದ ಎರಡು ದ್ರಾವಣ ಬೆರೆಸಿದ ಕೂಡಲೇ ಹಳದಿ ತಿರುಗಿದರೆ ಅದೇ ಗುರುತು. ಬೆಳಕಿನಡಿಯ ಫ್ಲಾಸ್ಕಿನಲ್ಲಿ ಪ್ರಾಡಕ್ಟ್ ಚೆನ್ನಾಗಿ ಬಂದು, ಕತ್ತಲೆಯದರಲ್ಲಿ ಬಾರದಿದ್ದರೆ ಇರಿಡಿಯಂ, ಇಯೋಸಿನ್, ಹಳದಿ ಪುಡಿ ಯಾವುದಕ್ಕೂ ಕೊಟೇಶನ್ ತರಿಸಬೇಕಾಗಿಲ್ಲ.